ಮಹಡಿಯ ಮೇಲಣ ವಿದ್ಯೆ

ಮಾನಸಗಂಗೋತ್ರಿಯ ಮಗ್ಗುಲಲ್ಲಿ, ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ವಿಶಾಲವಾದ ಆವರಣದೊಳಗೆ, 'ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್' ಎಂಬ ದೀರ್ಘನಾಮಧೇಯವುಳ್ಳ ಶಾಲೆಯೊಂದಿದೆ. ಊರಿನವರು ಅದನ್ನು ಡಿ.ಎಂ.ಎಸ್. ಎಂದು ಮೂರಕ್ಷರಕ್ಕೆ ಇಳಿಸಿಕೊಂಡು ಬಹುಕಾಲವಾಯಿತು. ಆ ಮೂರರ ನಡುವಣ 'ಎಂ' ಏನೆಂದು ಅಲ್ಲಿಯೇ ಓದಿದ ಒಬ್ಬಿಬ್ಬರನ್ನು ನಾನು ಕೇಳಿದಾಗ ಅವರು ಸ್ವಲ್ಪ ತಡವರಿಸಿ 'ಮಲ್ಟಿಪರ್ಪಸ್' ಎಂದು ಹೇಳಿದರಾದರೂ, ಹಾಗೆಂದರೇನೆಂಬ ಮರುಪ್ರಶ್ನೆಗೆ ನಕ್ಕು ಸುಮ್ಮನಾದರು. ಅವರದೇನೂ ತಪ್ಪಿಲ್ಲ. ಊರ ಹೊರಗೆ ಕೆರೆ ಬತ್ತಿ ಬಡಾವಣೆಯಾದ ಮೇಲೂ ಆ ಸ್ಥಳಕ್ಕೆ ಕೆರೆಯ ಹೆಸರೇ ಉಳಿಯುವಂತೆ, ಈ ಶಾಲೆಗೂ ಒಂದು ಬತ್ತಿಹೋದ ಸಂಕಲ್ಪದ ಹೆಸರು ಉಳಿದುಕೊಂಡಿದೆ. ಹೈಸ್ಕೂಲಿನ ಮಕ್ಕಳು ಭಾಷೆ, ಗಣಿತ, ಚರಿತ್ರೆಗಳ ಜೊತೆಗೆ ವಾಣಿಜ್ಯವನ್ನೋ, ಯಂತ್ರವಿದ್ಯೆಯನ್ನೋ, ವ್ಯವಸಾಯವನ್ನೋ ಐಚ್ಛಿಕ ವಿಷಯವಾಗಿ ಆಯ್ದುಕೊಂಡು, ಶಾಲೆಯಿಂದ ಹೊರಬೀಳುವಾಗ ಕೈಯಲ್ಲಿ ಒಂದು ಕಸುಬನ್ನಾದರೂ ಹಿಡಿದುಕೊಂಡೇ ಬರಬೇಕೆಂಬುದು ಆ ಸಂಕಲ್ಪ. ಇಂದು ಕಂಪ್ಯೂಟರ್ ಪ್ರೋಗ್ರಾಮಿಂಗ್, ವ್ಯವಹಾರ ಅಧ್ಯಯನ, ಮಾಧ್ಯಮ ಎಂದು ಮಕ್ಕಳ ಮುಂದೆ ಹರಡುತ್ತಿರುವ ವಿಷಯಗಳ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ನಡೆದರೆ ಮೈಸೂರಿನ ಮಟ್ಟಿಗೆ ಈ ಫಲಕದ ಕೆಳಗೆ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವಂತಿಲ್ಲ.

ಆದರೆ ವ್ಯವಹಾರದ ವಿದ್ಯೆಯೆಂಬುದು ನಮ್ಮ ನಾಡಿನ ಪಾಠಶಾಲೆಗೆ ಹೊರಗಿನಿಂದ ಬಂದ ಅತಿಥಿಯೇನೂ ಅಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ಬರೆಯಹೊರಟಾಗ ತನ್ನ ಗ್ರಂಥವೊಂದಕ್ಕೆ ಇಟ್ಟ ಹೆಸರೇ 'ವ್ಯವಹಾರಗಣಿತ'. ಕೂಲಿಮಠದ ಜಗುಲಿಯ ಮೇಲೆ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿದ ಹುಡುಗರು, ಅದು ಮುಗಿದೊಡನೆಯೇ ಮಗ್ಗಿಗೆ ಇಳಿಯುತ್ತಿದ್ದರು. ಆ ಮಗ್ಗಿಯಾದರೂ ಕೇವಲ ಪೂರ್ಣಾಂಕಗಳದಲ್ಲ, ಕಾಲು, ಅರೆ, ಮುಕ್ಕಾಲು, ವೀಸಗಳದು. ಏಕೆಂದರೆ ಅಂಗಡಿಯಲ್ಲಿ ಎಣ್ಣೆಯನ್ನು ಅಳೆಯುವವನಿಗೂ, ಹೊಲದ ಕಂದಾಯವನ್ನು ಹಚ್ಚುವ ಶಾನುಭೋಗನಿಗೂ ಬೇಕಾದುದು ಈ ಚೂರುಗಳ ಲೆಕ್ಕವೇ. ಲೆಕ್ಕವನ್ನು ಬರೆಯುವ ಸಾಧನವು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಈ ಕಪ್ಪು ಪುಸ್ತಕದ ಗುಣವೇನೆಂದರೆ, ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದು, ಮಾಸಿದರೆ ಮತ್ತೆ ಬಳಿದು ಹೊಸದು ಮಾಡಿಕೊಳ್ಳಬಹುದು. ಇಂದಿನ ಗಣಕಯಂತ್ರದ ಪರದೆಯನ್ನು ನೋಡುವಾಗ ನನಗೆ ಆಗಾಗ ಕಡತದ ನೆನಪಾಗುವುದುಂಟು. ಇರಲಿ, ಹೋಲಿಕೆಯನ್ನು ಬಹಳ ಎಳೆಯುವುದು ಬೇಡ.

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತವಾದ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಇದೇ ಬೀಜ. ಇಂಗ್ಲಿಷ್ ಬಂದುದರಿಂದ ಆದ ಲಾಭವನ್ನು ನಮ್ಮ ಹಿರಿಯರು ಸಾಕಷ್ಟು ವರ್ಣಿಸಿದ್ದಾರೆ. ಆದುದರಿಂದ ನಾನು ಅದರಿಂದಾದ ಒಂದು ಸಣ್ಣ ನಷ್ಟವನ್ನು ಮಾತ್ರ ಹೇಳಿ ಮುಂದುವರಿಯುತ್ತೇನೆ. ಕೂಲಿಮಠದಲ್ಲಿ ಒಂದೇ ಜಗುಲಿಯ ಮೇಲಿದ್ದ ಓದು ಮತ್ತು ಲೆಕ್ಕ, ಅಂದರೆ ವಿದ್ಯೆ ಮತ್ತು ವ್ಯವಹಾರ, ಇಲ್ಲಿಂದ ಮುಂದೆ ಬೇರೆ ಬೇರೆ ಕಟ್ಟಡಗಳಿಗೆ ಹೋದವು. ಷೇಕ್ಸ್‌ಪಿಯರನ ನಾಟಕವೂ ಇಂಗ್ಲೆಂಡಿನ ರಾಜರ ವಂಶಾವಳಿಯೂ ಒಂದು ಕಡೆ ಸೇರಿದವು. ಜಮಾ-ಖರ್ಚು, ರೋಜು, ಖಾತೆಗಳು ಸಂತೇಪೇಟೆಯ ಮಂಡಿಗಳಲ್ಲಿಯೇ ಉಳಿದು, ತಂದೆಯಿಂದ ಮಗನಿಗೆ, ಯಜಮಾನನಿಂದ ಗುಮಾಸ್ತನಿಗೆ ಇಳಿದುಬಂದವು. ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಸರ್ಕಾರದ ಕಚೇರಿಯ ಕನಸು ಕಂಡನೇ ಹೊರತು ಅಂಗಡಿಯ ಕನಸನ್ನು ಕಾಣಲಿಲ್ಲ.

ಕೈಗಾರಿಕೆಯ ವಿದ್ಯೆಗೆ ಅರಮನೆಯ ಆಶ್ರಯವೇನೋ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿದ್ದ ಕೈಗಾರಿಕಾ ಶಾಲೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಭವ್ಯವಾದ ಕಟ್ಟಡವನ್ನು ಕಟ್ಟಿಸಲು ಸಂಕಲ್ಪಿಸಿ, 1906ರಲ್ಲಿ ಅಂದಿನ ವೇಲ್ಸ್ ರಾಜಕುಮಾರರಿಂದ, ಎಂದರೆ ಮುಂದೆ ಐದನೆಯ ಜಾರ್ಜ್ ಚಕ್ರವರ್ತಿಯಾದವರಿಂದ, ಅಸ್ತಿಭಾರವನ್ನು ಹಾಕಿಸಲಾಯಿತು. ದಿವಂಗತ ಮಹಾರಾಜರ ಹೆಸರಿನಲ್ಲಿ ಅದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಾಯಿತು. ಬೀಟೆಮರದ ಕೆತ್ತನೆ, ದಂತದ ಒಳಸೇರಿಕೆ, ಚಿತ್ರರಚನೆ, ಬಡಗಿ ಮತ್ತು ಕಮ್ಮಾರಿಕೆಯ ಕೆಲಸ, ಇವುಗಳಿಗೆ ಅಲ್ಲಿ ಸ್ಥಾನವಿದ್ದಿತು. ಅದರ ವಾರಸುದಾರನಾದ ದೃಶ್ಯಕಲಾ ಅಕಾಡೆಮಿ 'ಕಾವಾ' ಎಂಬ ಹೆಸರಿನಿಂದ ಇಂದೂ ಜೀವಂತವಾಗಿರುವುದು ಸಂತೋಷದ ಸಂಗತಿ. ಆದರೂ ಒಂದು ಮಾತನ್ನು ಮುಚ್ಚಿಡಲಾಗದು: ಹೈಸ್ಕೂಲಿನ ಹುಡುಗನು ಅಲ್ಲಿಗೆ ಹೋಗುತ್ತಿದ್ದುದು ಹೈಸ್ಕೂಲನ್ನು ಬಿಟ್ಟ ಮೇಲೆ, ಹೈಸ್ಕೂಲಿನಲ್ಲಿದ್ದುಕೊಂಡೇ ಅಲ್ಲ.

ಇದಕ್ಕೆ ಅಪವಾದವಾಗಿ ಒಬ್ಬರನ್ನು ನೆನೆಯಬೇಕು. ಗುರಿಕಾರ ಮರಿಮಲ್ಲಪ್ಪನವರ ದಾನದಿಂದ ನಿಂತ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು (1844–1933), ಊರಿಗೆಲ್ಲ 'ತಾತಯ್ಯ'ನವರು, ಪಾಠ ಹೇಳುವುದರ ಜೊತೆಗೆ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ', 'ಸಂಪದಭ್ಯುದಯ' ಮೊದಲಾದ ಪತ್ರಿಕೆಗಳನ್ನು ನಡೆಸಿದರು. ಪತ್ರಿಕೋದ್ಯಮವೆಂಬ ವಿಷಯವು ಯಾವ ಪಠ್ಯಕ್ರಮದಲ್ಲಿಯೂ ಇಲ್ಲದಿದ್ದ ಆ ಕಾಲದಲ್ಲಿ ಮುಖ್ಯೋಪಾಧ್ಯಾಯರೇ ಸಂಪಾದಕರಾಗಿದ್ದ ಶಾಲೆಯ ಹುಡುಗರಿಗೆ ಅದು ಪ್ರತ್ಯಕ್ಷವಾಗಿಯೇ ಕಾಣುತ್ತಿದ್ದಿರಬೇಕಷ್ಟೆ. ಮಾಧ್ಯಮವನ್ನು ಶಾಲೆಯಲ್ಲಿ ಕಲಿಸಬೇಕೇ ಎಂದು ಇಂದು ನಡೆಯುವ ವಿಚಾರಗೋಷ್ಠಿಗಳಲ್ಲಿ ತಾತಯ್ಯನವರ ಹೆಸರು ಕೇಳಿಬರುವುದಿಲ್ಲವೆಂಬುದು ನನಗೆ ಸ್ವಲ್ಪ ಖೇದವನ್ನುಂಟುಮಾಡುತ್ತದೆ.

1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನವು ಸ್ಥಾಪಿತವಾಯಿತು. ಮರುವರ್ಷವೇ ದಿವಾನರಾದ ವಿಶ್ವೇಶ್ವರಯ್ಯನವರು 1913ರಲ್ಲಿ ಮೈಸೂರು ಬ್ಯಾಂಕನ್ನೂ, 1916ರಲ್ಲಿ ವಿಶ್ವವಿದ್ಯಾನಿಲಯವನ್ನೂ ನಾಡಿಗೆ ತಂದುಕೊಟ್ಟರು. ಬ್ಯಾಂಕು ಬಂದ ಮೇಲೆ ಬ್ಯಾಂಕಿನ ಲೆಕ್ಕ ಬಲ್ಲವರು ಬೇಕಾಯಿತು. ಇಟಲಿಯ ಲೂಕಾ ಪಾಚೋಲಿಯು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚುಹಾಕಿಸಿದ ದ್ವಿನಮೂದು ಪದ್ಧತಿಯು ನಾಲ್ಕು ಶತಮಾನಗಳನ್ನು ದಾಟಿ ನಮ್ಮ ಜಮಾ-ಖರ್ಚಿನ ಪಕ್ಕಕ್ಕೆ ಬಂದು ಕುಳಿತಿತು. ಕಾರ್ಖಾನೆ, ಕಚೇರಿ, ಬ್ಯಾಂಕುಗಳು ಹೆಚ್ಚಿದಂತೆಲ್ಲ ಅವುಗಳಿಗೆ ಬೇಕಾದ ಬೆರಳುಗಳನ್ನು ಒದಗಿಸುವವರಾರೆಂಬ ಪ್ರಶ್ನೆಯೂ ಹೆಚ್ಚಿತು. ಹೈಸ್ಕೂಲು ಆ ಪ್ರಶ್ನೆಗೆ ಕಿವಿಗೊಡಲಿಲ್ಲ.

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು, ಡಾಕ್ಟರ್ ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾಗಿ ಮರುವರ್ಷ ವರದಿಯನ್ನೊಪ್ಪಿಸಿದ ಪ್ರೌಢಶಿಕ್ಷಣ ಆಯೋಗ. ಹೈಸ್ಕೂಲು ಕಾಲೇಜಿಗೆ ಹೋಗುವ ಮೆಟ್ಟಿಲು ಮಾತ್ರವಾಗಿರಬಾರದು, ಅದು ತನ್ನಷ್ಟಕ್ಕೆ ಒಂದು ಗಮ್ಯಸ್ಥಾನವೂ ಆಗಬೇಕು ಎಂಬುದು ಆಯೋಗದ ಆಶಯ. ಎಲ್ಲರೂ ಓದತಕ್ಕ ಸಾಮಾನ್ಯ ವಿಷಯಗಳ ಜೊತೆಗೆ ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಶಾಖೆಗಳಲ್ಲಿ ಒಂದನ್ನು ವಿದ್ಯಾರ್ಥಿಯು ಆರಿಸಿಕೊಳ್ಳಬೇಕೆಂದೂ, ಇಂತಹ ಹಲವು ಶಾಖೆಗಳುಳ್ಳ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ತೆರೆಯಬೇಕೆಂದೂ ಅದು ಸೂಚಿಸಿತು. ಶಾಲೆಗಳೇನೋ ತೆರೆದವು. ಆದರೆ ವಾಣಿಜ್ಯವನ್ನು ಹೈಸ್ಕೂಲಿನಲ್ಲಿ ಕಲಿಸುವವರು ಯಾರು? ಬಿ.ಕಾಂ. ಮಾಡಿದವನಿಗೆ ಬ್ಯಾಂಕು ಕೊಡುವ ಸಂಬಳವನ್ನು ಶಾಲೆ ಕೊಡಲಾರದು. ಲೇತಿನ ಮೇಲೆ ಕೈ ಕುದುರಿದವನು ಕಾರ್ಖಾನೆಯನ್ನು ಬಿಟ್ಟು ಸೀಮೆಸುಣ್ಣವನ್ನು ಹಿಡಿಯಲಾರ. ಈ ಕೊರತೆಯನ್ನು ನೀಗಲೆಂದೇ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ಕಟ್ಟಿತು. ಮೈಸೂರಿನದು 1963ರಲ್ಲಿ ಆರಂಭವಾಯಿತು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ತಜ್ಞರು ಈ ಕಾಲೇಜುಗಳಿಗೆ ಸಲಹೆಗಾರರಾಗಿ ಬಂದರು. ಅಧ್ಯಾಪಕರಾಗುವವರು ಪಾಠವನ್ನು ಹೇಳಿ ಅಭ್ಯಾಸ ಮಾಡಲೆಂದು ಪಕ್ಕದಲ್ಲಿಯೇ ನಾನು ಮೊದಲು ಹೇಳಿದ ಶಾಲೆಯು ಹುಟ್ಟಿತು.

ಇಷ್ಟೆಲ್ಲ ಸಿದ್ಧತೆಯಿಂದ ಕೂಡಿದ ಯೋಜನೆಯು ಬಾಡಿದುದೇಕೆಂದು ವಿಚಾರಿಸಿದರೆ ಹಣದ ಕೊರತೆ, ಉಪಕರಣದ ಕೊರತೆ ಎಂದು ವರದಿಗಳು ಹೇಳಿಯಾವು. ಮೈಸೂರಿನ ಯಾವ ಮನೆಯ ಪಡಸಾಲೆಯಲ್ಲಿ ಕುಳಿತು ಕೇಳಿದ್ದರೂ ಇನ್ನೊಂದು ಕಾರಣ ತಿಳಿಯುತ್ತಿದ್ದಿತು. ಅಂಕ ಹೆಚ್ಚು ಬಂದವನಿಗೆ ವಿಜ್ಞಾನ. ಕಡಿಮೆ ಬಂದವನಿಗೆ ವಾಣಿಜ್ಯ. ಅದೂ ಸಾಲದವನಿಗೆ ಕೈಕೆಲಸ. ವಿಷಯದ ಹೆಸರು ಐಚ್ಛಿಕವಾದರೂ ಇಚ್ಛೆ ಅಂಕಪಟ್ಟಿಯದಾಗಿತ್ತು. ಯಾವ ವಿದ್ಯೆಯನ್ನು ಸೋತವನಿಗೆ ಮೀಸಲಿಡುತ್ತೇವೆಯೋ ಆ ವಿದ್ಯೆಯನ್ನು ಗೆಲ್ಲುವವನು ಮುಟ್ಟುವುದಿಲ್ಲ. ಮೈಸೂರಿನ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕರನ್ನು ತಯಾರಿಸುವ ನಾಲ್ಕು ವರ್ಷದ ತರಗತಿ ಬೇರುಬಿಟ್ಟು ಇಂದಿಗೂ ನಡೆಯುತ್ತಿದೆ. ವಾಣಿಜ್ಯ ಮತ್ತು ತಂತ್ರವಿದ್ಯೆಗಳ ಅಂಥ ತರಗತಿಗಳು ಬಹುಕಾಲ ಬಾಳಲಿಲ್ಲ. 1964ರಿಂದ 66ರವರೆಗೆ ಕುಳಿತ ಕೊಠಾರಿ ಆಯೋಗವು ಹತ್ತು ವರ್ಷದ ಸಾಮಾನ್ಯ ಶಿಕ್ಷಣವನ್ನು ಎತ್ತಿಹಿಡಿದು ಶಾಖೋಪಶಾಖೆಗಳನ್ನು ಅದರಾಚೆಯ ಎರಡು ವರ್ಷಗಳಿಗೆ ತಳ್ಳಿದ ಮೇಲೆ ವಿವಿಧೋದ್ದೇಶವೆಂಬ ಮಾತು ಫಲಕಕ್ಕೆ ಮಾತ್ರ ಸೀಮಿತವಾಯಿತು.

ಹಾಗಾದರೆ ಈ ಊರಿನ ಸಾವಿರಾರು ಮಂದಿ ಗುಮಾಸ್ತರು, ಸ್ಟೆನೋಗ್ರಾಫರುಗಳು ತಮ್ಮ ಕಸುಬನ್ನು ಕಲಿತದ್ದೆಲ್ಲಿ? ಮಹಡಿಯ ಮೇಲೆ.

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊನೆಯ ಪತ್ರಿಕೆಯನ್ನು ಬರೆದು ಬಂದ ಮರುವಾರವೇ ನಮ್ಮ ತಂದೆಯವರು ನನ್ನನ್ನು ಶಿವರಾಂಪೇಟೆಯ ಒಂದು ಓಣಿಗೆ ಕರೆದುಕೊಂಡು ಹೋದರು. 'ಫಲಿತಾಂಶ ಬರುವವರೆಗೆ ಸುಮ್ಮನೆ ಬೀದಿ ಅಲೆಯಬೇಡ, ಬೆರಳಿಗೊಂದು ಕೆಲಸ ಇರಲಿ' ಎಂದರು. ಕೆಳಗೆ ಪಾತ್ರೆಯ ಅಂಗಡಿ. ಪಕ್ಕದಲ್ಲಿ ಒಬ್ಬರೇ ಹತ್ತಬಹುದಾದ ಮರದ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ನಿಂತರೆ ಮೇಲಿನಿಂದ ಹೆಂಚಿನ ಮೇಲೆ ಆಲಿಕಲ್ಲು ಬಿದ್ದಂತಹ ಸದ್ದು. ಮೇಲೆ ಹೋದರೆ ಎರಡು ಸಾಲು ಮೇಜು, ಪ್ರತಿ ಮೇಜಿನ ಮೇಲೂ ಒಂದೊಂದು ರೆಮಿಂಗ್ಟನ್ನೋ ಗೋದ್ರೇಜೋ. ಗುರುಗಳು ಮೊದಲ ದಿನವೇ ಎಡಗೈಗೆ 'ಎ ಎಸ್ ಡಿ ಎಫ್ ಜಿ ಎಫ್', ಬಲಗೈಗೆ 'ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ' ಎಂಬ ಮಂತ್ರವನ್ನು ಉಪದೇಶಿಸಿ, ಒಂದು ಹಾಳೆ ತುಂಬುವವರೆಗೂ ಬೇರೆ ಕೀಲಿಯನ್ನು ಮುಟ್ಟಕೂಡದೆಂದು ವಿಧಿಸಿದರು. ಕಿರುಬೆರಳಿಗೆ ಬಲವಿಲ್ಲದೆ ನನ್ನ 'ಎ' ಯಾವಾಗಲೂ ಮಸುಕಾಗಿ ಬೀಳುತ್ತಿತ್ತು. ಗುರುಗಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಸುಕಾದ ಪ್ರತಿಯೊಂದು ಅಕ್ಷರಕ್ಕೂ ಕೆಂಪು ಸೊನ್ನೆಯನ್ನು ಸುತ್ತಿ, ಮಾತಿಲ್ಲದೆ ಹಿಂದಿರುಗಿಸುತ್ತಿದ್ದರು. ಕೀಲಿಮಣೆಯನ್ನು ನೋಡುವ ಚಾಳಿಯಿದ್ದವರ ಕೈಗಳ ಮೇಲೆ ರಟ್ಟಿನ ಮರೆಯೊಂದು ಬರುತ್ತಿತ್ತು. ಸಾಲಿನ ಕೊನೆಗೆ ಗಂಟೆ 'ಟಿಣ್' ಎಂದೊಡನೆ ಎಡಗೈ ತಾನಾಗಿ ಎದ್ದು ಗಾಡಿಯನ್ನು ಬಲಕ್ಕೆ ತಳ್ಳುವಂತಾದ ದಿನ, ವಿದ್ಯೆಯು ತಲೆಯಿಂದ ಮೈಗೆ ಇಳಿಯಿತೆಂದು ಅರ್ಥ.

ಆ ಕೋಣೆಯಲ್ಲಿ ಒಂದು ಸಮತೆಯಿದ್ದಿತು. ನನ್ನ ಬಲಕ್ಕೆ ಕಚೇರಿಯೊಂದರ ಜವಾನರು, ಬಡ್ತಿಗಾಗಿ ಕಲಿಯುತ್ತಿದ್ದವರು. ಎಡಕ್ಕೆ ಮದುವೆ ನಿಶ್ಚಯವಾಗಿದ್ದ ಒಬ್ಬ ಅಕ್ಕ, ಗಂಡನ ಮನೆಯವರು ಕೆಲಸಕ್ಕೆ ಕಳುಹಿಸುವರೋ ಇಲ್ಲವೋ ಎಂಬ ಅನುಮಾನದಲ್ಲಿಯೇ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದರು. ಅಂಕವೆಷ್ಟೆಂದು ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಎಸ್.ಎಸ್.ಎಲ್.ಸಿ. ನಡೆಸುವ ಪರೀಕ್ಷಾ ಮಂಡಲಿಯೇ ನಡೆಸುತ್ತಿದ್ದಿತಷ್ಟೆ; ಆದರೆ ಯಂತ್ರ ನಮ್ಮದೇ ಆಗಬೇಕು. ಪರೀಕ್ಷೆಯ ಬೆಳಗ್ಗೆ ಯಂತ್ರಗಳನ್ನು ಗೋಣಿಚೀಲದಲ್ಲಿ ಸುತ್ತಿ, ಜಟಕಾಗಾಡಿಯಲ್ಲಿ ಮಲಗಿಸಿ, ಹಳ್ಳ ಬಂದಾಗಲೆಲ್ಲ ಎದೆ ಹಿಡಿದುಕೊಂಡು ಸಾಗಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಸರ್ಕಾರವು ಏಳು ಶಾಖೆಗಳ ಶಾಲೆಯಲ್ಲಿ ಮಾಡಹೊರಟ ಕಾರ್ಯವನ್ನು, ಬಾಡಿಗೆಯ ಕೋಣೆಯಲ್ಲಿ, ತಿಂಗಳಿಗೆ ಕೆಲವೇ ರೂಪಾಯಿಯ ಶುಲ್ಕಕ್ಕೆ, ಯಾವ ಆಯೋಗದ ಶಿಫಾರಸೂ ಇಲ್ಲದೆ ಈ ಗುರುಗಳು ಮಾಡುತ್ತಿದ್ದರು. ಮೈಸೂರಿನ ಶಿಕ್ಷಣದ ಇತಿಹಾಸವನ್ನು ಬರೆಯುವವರು ಅವರಿಗೆ ಒಂದು ಅಧ್ಯಾಯವನ್ನು ಕೊಡದಿದ್ದರೆ ಅದು ಅಪೂರ್ಣವೆಂದೇ ನನ್ನ ಅಭಿಪ್ರಾಯ.

ಕನ್ನಡದ ಬೆರಳಚ್ಚು ಬೇರೆಯೇ ಒಂದು ಸಾಹಸ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗಾಗಿ ಹುಟ್ಟಿದ ಯಂತ್ರದ ಮೇಲೆ ನಮ್ಮ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಕೂಡಿಸುವುದೆಂದರೆ ಜೋಪಡಿಯಲ್ಲಿ ಜಾತ್ರೆಯನ್ನು ಇಳಿಸಿದಂತೆ. ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆಯೊಂದನ್ನು ರೂಪಿಸಿ ಅದನ್ನು ಸಾಧಿಸಿದರು: ಅಕ್ಷರದ ಮೈಯನ್ನೊಮ್ಮೆ, ಕೊಂಬನ್ನೊಮ್ಮೆ, ಒತ್ತನ್ನೊಮ್ಮೆ ಬಿಡಿಬಿಡಿಯಾಗಿ ಒತ್ತಿದರೆ ಕಾಗದದ ಮೇಲೆ ಅವು ಒಂದಾಗುವ ಹಾಗೆ. 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡವು ಆಡಳಿತಭಾಷೆಯೆಂದು ವಿಧಿಸಲ್ಪಟ್ಟು, ಹುಣಸೂರಿನ ದೇವರಾಜ ಅರಸರ ಆಡಳಿತದಲ್ಲಿ 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂದ ಮೇಲೆ, ಮಹಡಿಯ ಮೇಲಣ ಕೋಣೆಗಳಲ್ಲಿ ಕನ್ನಡ ಯಂತ್ರಗಳ ಸಾಲು ಬೆಳೆಯಿತು. ಗಣಕಯಂತ್ರಕ್ಕೆ ಕನ್ನಡವನ್ನು ಒಗ್ಗಿಸುವ ಕಾಲ ಬಂದಾಗ ಕೆ.ಪಿ. ರಾಯರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದು ಕೀಲಿಮಣೆಯನ್ನು ಹೊಸದಾಗಿ ವಿನ್ಯಾಸಗೊಳಿಸಿದರು. 'ನುಡಿ' ಮತ್ತು 'ಬರಹ'ಗಳನ್ನು ಬಳಸಿದವರಿಗೆ ಅದರ ಸುಖವನ್ನು ವಿವರಿಸಬೇಕಾಗಿಲ್ಲ.

ಮಾಧ್ಯಮದ ವಿಷಯದಲ್ಲಿಯಂತೂ ಮೈಸೂರು ಪಠ್ಯಕ್ರಮಕ್ಕಾಗಿ ಕಾಯಲೇ ಇಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ಕಡೆಯ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಸಣ್ಣ ಪ್ರಸಾರಯಂತ್ರವೊಂದರ ಮೂಲಕ ರೇಡಿಯೋವನ್ನು ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದು, ಮುಂದೆ ಅದೇ ಹೆಸರನ್ನು ಇಡೀ ದೇಶವೇ ಎತ್ತಿಕೊಂಡಿತು. 1951ರಲ್ಲಿ ಅದೇ ಕಾಲೇಜಿನಲ್ಲಿ ಪತ್ರಿಕೋದ್ಯಮವು ಅಧ್ಯಯನದ ವಿಷಯವಾಯಿತು. ಮನಶ್ಶಾಸ್ತ್ರದ ಮೇಷ್ಟರು ರೇಡಿಯೋ ಕಟ್ಟಿದ ಊರು ಇದು. ಯಾವುದು ಮುಖ್ಯ ವಿಷಯ, ಯಾವುದು ಐಚ್ಛಿಕ ಎಂಬ ಗೆರೆಯನ್ನು ಅವರು ಲೆಕ್ಕಕ್ಕಿಟ್ಟುಕೊಂಡಂತೆ ಕಾಣುವುದಿಲ್ಲ.

ಗಣಕಯಂತ್ರವು ಶಾಲೆಗೆ ಬಂದದ್ದು ದೆಹಲಿಯ ದಾರಿಯಲ್ಲಿ. 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ತರಿಸಿ ಮೊದಲಿಗೆ ದೇಶದ 250 ಶಾಲೆಗಳಲ್ಲಿ ಇರಿಸಿದರು. ಅದರ ಸ್ಮರಣಶಕ್ತಿ 32 ಕಿಲೋಬೈಟು. ಇಂದು ಕೈಫೋನಿನಲ್ಲಿ ತೆಗೆದ ಒಂದು ಭಾವಚಿತ್ರವೂ ಅದರಲ್ಲಿ ಹಿಡಿಸದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1964ರಲ್ಲಿ, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳಿಗೂ ಎಟುಕಲೆಂದು ಹುಟ್ಟಿದ ಬೇಸಿಕ್ ಭಾಷೆಯು ಆ ಯಂತ್ರದ ಭಾಷೆ. ವಿಜ್ಞಾನದವರಲ್ಲದವರಿಗಾಗಿ ಹುಟ್ಟಿದ ಆ ಭಾಷೆಯ ಕುಲಬಾಂಧವರು ನಮ್ಮ ಪಿ.ಯು.ಸಿ.ಯಲ್ಲಿ ಬಹುಮಟ್ಟಿಗೆ ವಿಜ್ಞಾನದವರ ಸೊತ್ತಾದದ್ದು ವಿಚಿತ್ರವೇ ಸರಿ. ಆದರೂ ವಾಣಿಜ್ಯದ ಕಡೆಯಲ್ಲಿ ಗಣಕವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳು ಕೂಡಿದ 'ಸೀಬಾ' ಎಂಬ ಸಂಯೋಜನೆಯನ್ನು ಕೇಳಿಕೊಂಡು ಬರುವ ಮಕ್ಕಳ ಸಾಲು ಇಂದು ಚಿಕ್ಕದಲ್ಲ. ಇಲ್ಲಿಯ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜಿನಿಂದ 1967ರಲ್ಲಿ ವಿದ್ಯುತ್ ವಿಭಾಗದ ಪದವಿಯನ್ನು ಪಡೆದ ನಾರಾಯಣಮೂರ್ತಿಯವರ ಕಂಪನಿಯು ಹೆಬ್ಬಾಳದಲ್ಲಿ ಕಟ್ಟಿದ ತರಬೇತಿ ಕೇಂದ್ರಕ್ಕೆ ದೇಶದ ಮೂಲೆಮೂಲೆಯ ಪದವೀಧರರು ಬಂದು ಪ್ರೋಗ್ರಾಮಿಂಗನ್ನು ಮತ್ತೊಮ್ಮೆ ಮೊದಲಿನಿಂದ ಕಲಿಯುತ್ತಾರೆ. ಹದಿನಾರು ವರ್ಷ ಶಾಲೆ-ಕಾಲೇಜುಗಳಲ್ಲಿ ಕಳೆದವರಿಗೆ ಕಸುಬು ಹೇಳಿಕೊಡುವ ಹೊರೆ ಕೊನೆಗೂ ಕೆಲಸ ಕೊಟ್ಟವನ ಹೆಗಲಿಗೇ ಬೀಳುವುದಾದರೆ, ಶಿವರಾಂಪೇಟೆಯ ಮಹಡಿಗೂ ಈ ಸೌಧಕ್ಕೂ ಗಾತ್ರದಲ್ಲಿ ಮಾತ್ರ ಅಂತರ.

ಈ ನಡುವೆ ರಾಜ್ಯದಲ್ಲಿ ಎಪ್ಪತ್ತರ ದಶಕದ ಕೊನೆಗೆ ಪಿ.ಯು.ಸಿ.ಗೆ ಸಮಾನವಾಗಿ ಜೆ.ಒ.ಸಿ. ಎಂಬ ವೃತ್ತಿಪರ ಕೋರ್ಸುಗಳು ಬಂದವು, ಮೂರು ದಶಕಗಳಷ್ಟು ಕಾಲ ನಡೆದವು, ನಿಂತವು. ಅವಕ್ಕೂ ಮೊದಲಿನ ಕಥೆಯೇ.

ಈಗ ಹೈಸ್ಕೂಲಿನ ಬಾಗಿಲಿಗೆ ಆ ಆಶಯವು ಇನ್ನೊಮ್ಮೆ ಬಂದು ನಿಂತಿದೆ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೋಮೊಬೈಲ್, ಸೌಂದರ್ಯ ಮತ್ತು ಸ್ವಾಸ್ಥ್ಯ ಮೊದಲಾದ ವಿಷಯಗಳಲ್ಲೊಂದನ್ನು ಮಕ್ಕಳು ಆರಿಸಿಕೊಳ್ಳಬಹುದು. ಆದರೆ ಅದಕ್ಕೆ ಪ್ರತ್ಯೇಕವಾದ ಪೀಠವನ್ನು ಹಾಕಿಲ್ಲ. ತೃತೀಯ ಭಾಷೆಯನ್ನು ಬಿಟ್ಟುಕೊಟ್ಟವರಿಗೆ ಅದರ ಸ್ಥಳದಲ್ಲಿ ಇದು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವೇಳಾಪಟ್ಟಿಯನ್ನು ತೆಗೆದು ನೋಡಿದರೆ, ಹಿಂದಿ, ಕೊಂಕಣಿ, ತುಳು ಮೊದಲಾದ ಭಾಷೆಗಳ ಪತ್ರಿಕೆಯಿರುವ ದಿನದಂದೇ, ಅದೇ ಅಂಕಣದ ಕೆಳಗೆ, ಮಾಹಿತಿ ತಂತ್ರಜ್ಞಾನವೂ ಚಿಲ್ಲರೆ ವ್ಯಾಪಾರವೂ ಅಚ್ಚಾಗಿವೆ.